ಬಾಣಂತನ ಮುಗಿಸಿ ಬರುವ ಪತ್ನಿಗೆ ಸರ್ಪ್ರೈಸ್: ಪುಟ್ಟ ಫ್ಲ್ಯಾಟ್ ಅನ್ನು ನೀವೇ ಸಿಂಗರಿಸುವ ಮುನ್ನ ಇವು ತಿಳಿದಿರಲಿ

ಹೆರಿಗೆಗೆಂದು ತವರಿಗೆ ಹೋದ ಪತ್ನಿ ಬಾಣಂತನ ಮುಗಿಸಿ ಮಗುವಿನೊಂದಿಗೆ ಮರಳುವ ಹೊತ್ತಿಗೆ ಮನೆಯನ್ನು ಹೊಸದಾಗಿ ಕಾಣುವಂತೆ ಮಾಡಬೇಕು ಎಂಬ ಆಸೆ ಅನೇಕ ಗಂಡಂದಿರಿಗೆ ಇರುತ್ತದೆ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಕೆಲಸಕ್ಕೆ ಬಂದು ಹೈದರಾಬಾದ್‌ನ ಕೂಕಟ್‌ಪಲ್ಲಿಯಂಥ ಬಡಾವಣೆಗಳಲ್ಲಿ ಬಾಡಿಗೆ ಫ್ಲ್ಯಾಟ್ ಹಿಡಿದಿರುವ ಕನ್ನಡಿಗರಿಗೂ ಈ ಆಸೆ ಹೊಸದಲ್ಲ. ಪೇಂಟರ್‌ಗೆ ಹಣ ಕೊಡುವ ಬದಲು ವಾರಾಂತ್ಯದಲ್ಲಿ ತಾವೇ ಬ್ರಷ್ ಹಿಡಿದರೆ ಖರ್ಚೂ ಕಡಿಮೆ, ಖುಷಿಯೂ ಹೆಚ್ಚು.

ಆದರೆ ಇಲ್ಲಿ ಅಂದದ ಜೊತೆಗೆ ಇನ್ನೊಂದು ಲೆಕ್ಕವೂ ಇದೆ. ಬರುವವರಲ್ಲಿ ಒಬ್ಬರು ಇನ್ನೂ ಚೇತರಿಸಿಕೊಳ್ಳುತ್ತಿರುವ ಬಾಣಂತಿ, ಇನ್ನೊಬ್ಬರು ಕೆಲವೇ ತಿಂಗಳ ಹಸುಗೂಸು. ಹಸಿ ಪೇಂಟಿನ ವಾಸನೆ, ಹಳೆ ಬಣ್ಣದ ಧೂಳು, ಗಟ್ಟಿಯಾಗಿ ನಿಲ್ಲದ ಕಪಾಟು ಇವೆಲ್ಲ ಸರ್ಪ್ರೈಸ್ ಅನ್ನು ಸಂಕಟವಾಗಿಸಬಹುದು. ಹಾಗಾಗಿ ಯಾವ ಕೆಲಸ ಮಾಡಬೇಕು, ಯಾವಾಗ ಮುಗಿಸಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳುವುದು ಒಳ್ಳೆಯದು.

ಮೊದಲು ಮನೆ ಮಾಲೀಕರ ಒಪ್ಪಿಗೆ

ಬಾಡಿಗೆ ಮನೆಯಾದರೆ ಬಣ್ಣ ಬದಲಿಸುವ ಮುನ್ನ, ಗೋಡೆಗೆ ಡ್ರಿಲ್ ಹಾಕುವ ಮುನ್ನ ಮಾಲೀಕರನ್ನು ಕೇಳಿ. ಬಾಯಿ ಮಾತಿಗಿಂತ ವಾಟ್ಸ್‌ಆ್ಯಪ್ ಸಂದೇಶದಲ್ಲಿ ಒಪ್ಪಿಗೆ ಪಡೆದರೆ ಮನೆ ಬಿಡುವಾಗ ಅಡ್ವಾನ್ಸ್ ಹಣದ ಬಗ್ಗೆ ತಕರಾರು ಬರುವುದಿಲ್ಲ. 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯೂ ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಕಟ್ಟಡದ ರಚನೆ ಬದಲಿಸುವಂತಿಲ್ಲ ಎನ್ನುತ್ತದೆ. ರಾಜ್ಯಗಳು ಅಳವಡಿಸಿಕೊಂಡಾಗ ಮಾತ್ರ ಅದು ಜಾರಿಗೆ ಬರುತ್ತದೆ. ಆದರೂ ಬರಹದಲ್ಲಿ ಒಪ್ಪಿಗೆ ಪಡೆಯುವ ಪದ್ಧತಿ ಎಲ್ಲಿದ್ದರೂ ಒಳ್ಳೆಯದೇ.

ಅಪಾರ್ಟ್‌ಮೆಂಟ್ ಸಂಘಗಳು ಡ್ರಿಲ್ಲಿಂಗ್‌ಗೆ ನಿಗದಿತ ಸಮಯ ಇಟ್ಟಿರುತ್ತವೆ. ಅದನ್ನೂ ವಾಚ್‌ಮನ್ ಬಳಿ ವಿಚಾರಿಸಿಕೊಳ್ಳಿ.

ಗೋಡೆಗೆ ಎಷ್ಟು ಬಣ್ಣ ಬೇಕು?

ಇಡೀ ಮನೆಗೆ ಬಣ್ಣ ಬಳಿಯುವ ಉತ್ಸಾಹ ಬೇಡ. 10 ಅಡಿ ಅಗಲ, 11 ಅಡಿ ಉದ್ದ, 10 ಅಡಿ ಎತ್ತರದ ಒಂದು ಬೆಡ್‌ರೂಮ್ ಎಂದಿಟ್ಟುಕೊಳ್ಳಿ. ನಾಲ್ಕು ಗೋಡೆ ಸೇರಿ 420 ಚದರ ಅಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 380. ಸಾಮಾನ್ಯ ಎಮಲ್ಷನ್ ಪೇಂಟ್ ಒಂದು ಲೀಟರ್‌ಗೆ ಎರಡು ಕೋಟ್‌ನಲ್ಲಿ 50ರಿಂದ 60 ಚದರ ಅಡಿ ಬರುತ್ತದೆ. ಅಂದರೆ ಇಡೀ ಕೋಣೆಗೆ 7 ಲೀಟರ್ ಆಸುಪಾಸು. ಮಂಚದ ಹಿಂದಿನ ಒಂದೇ ಗೋಡೆಯಾದರೆ 2 ಲೀಟರ್ ಸಾಕು. ಹೊಸಬರಿಗೆ ಒಂದು ಗೋಡೆಯೇ ಸರಿಯಾದ ಅಳತೆ. ಅದು ಒಂದು ದಿನದಲ್ಲಿ ಮುಗಿಯುತ್ತದೆ, ಕೋಣೆಯೂ ಬದಲಾದಂತೆ ಕಾಣುತ್ತದೆ.

ಮೊದಲ ಕೋಟ್ ಮುಟ್ಟಿದರೆ ಒಣಗಿದಂತೆ ಅನಿಸಿದರೂ ಎರಡನೆಯದಕ್ಕೆ ಡಬ್ಬದ ಮೇಲೆ ಬರೆದಷ್ಟು ಹೊತ್ತು ಕಾಯಬೇಕು. ಸಾಮಾನ್ಯವಾಗಿ ಅದು 4ರಿಂದ 6 ಗಂಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಇನ್ನೂ ತಡವಾಗುತ್ತದೆ. ಗೋಡೆಯಲ್ಲಿ ತೇವದ ಕಲೆ ಇದ್ದರೆ ಅದರ ಮೇಲೆ ಬಣ್ಣ ಬಳಿದು ಪ್ರಯೋಜನವಿಲ್ಲ. ನೀರು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡಿ ಸರಿಪಡಿಸದಿದ್ದರೆ ಕೆಲವೇ ವಾರಗಳಲ್ಲಿ ಪೇಂಟ್ ಉಬ್ಬಿ ಉದುರುತ್ತದೆ.

ಹಳೆ ಬಣ್ಣ ಕೆರೆಯುವಾಗ ಎಚ್ಚರ

ಕೂಕಟ್‌ಪಲ್ಲಿಯಲ್ಲಿ ಹೊಸ ಟವರ್‌ಗಳ ಜೊತೆಗೆ ಕೆಪಿಎಚ್‌ಬಿ ಎಂದೇ ಹೆಸರಾದ ಹೌಸಿಂಗ್ ಬೋರ್ಡ್ ಕಾಲನಿಯ ದಶಕಗಳ ಹಳೆಯ ಮನೆಗಳೂ ಇವೆ. ಅಂಥ ಮನೆಗಳ ಕಿಟಕಿ, ಬಾಗಿಲು, ಗ್ರಿಲ್‌ಗಳ ಹಳೆ ಆಯಿಲ್ ಪೇಂಟ್‌ನಲ್ಲಿ ಸೀಸದ ಅಂಶ ಇರುವ ಸಾಧ್ಯತೆ ಇದೆ. ಮನೆ ಬಳಕೆಯ ಪೇಂಟ್‌ಗಳಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ಭಾರತದಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಬಣ್ಣಗಳ ಬಗ್ಗೆ ಆ ಖಾತರಿ ಇಲ್ಲ.

ಸೀಸಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪುಟ್ಟ ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ಹೆಚ್ಚು ಅಪಾಯಕಾರಿ. ಅಂಬೆಗಾಲಿಡುವ ಮಗು ನೆಲದ ಧೂಳು ಮೆತ್ತಿದ ಕೈಯನ್ನು ನೇರ ಬಾಯಿಗಿಡುತ್ತದೆ. ಆದ್ದರಿಂದ ಹಳೆ ಆಯಿಲ್ ಪೇಂಟ್ ಅನ್ನು ಒಣ ಸ್ಯಾಂಡ್ ಪೇಪರ್‌ನಿಂದ ಉಜ್ಜಬೇಡಿ, ಬೆಂಕಿ ಹಿಡಿದು ಸುಡಬೇಡಿ. ಗಟ್ಟಿಯಾಗಿದ್ದರೆ ಹಾಗೆಯೇ ಬಿಟ್ಟು ಮೇಲೆ ಹೊಸ ಕೋಟ್ ಕೊಡಿ. ಉದುರುತ್ತಿರುವ ಕಡೆ ನೀರು ಚಿಮುಕಿಸಿ ಒದ್ದೆಯಾಗಿಯೇ ಕೆರೆದು, ಚೂರುಗಳನ್ನು ಚೀಲದಲ್ಲಿ ಕಟ್ಟಿ, ನೆಲವನ್ನು ಒದ್ದೆ ಬಟ್ಟೆಯಿಂದ ಎರಡು ಬಾರಿ ಒರೆಸಿ. ಮಾಸ್ಕ್ ಕಡ್ಡಾಯ.

ಒಂದು ವಾರ ಮೊದಲೇ ಮುಗಿಸಿ

ಇಂಥ ಸರ್ಪ್ರೈಸ್‌ಗಳಲ್ಲಿ ಆಗುವ ದೊಡ್ಡ ತಪ್ಪು ಕೊನೆಯ ರಾತ್ರಿವರೆಗೆ ಕೆಲಸ ಎಳೆಯುವುದು. ಪೇಂಟ್ ಒಣಗಿದ ಮೇಲೂ ಅದರಿಂದ ಆವಿ ಬಿಡುಗಡೆಯಾಗುತ್ತಲೇ ಇರುತ್ತದೆ. ಪ್ಲೈವುಡ್, ಪಾರ್ಟಿಕಲ್ ಬೋರ್ಡ್‌ನ ಹೊಸ ಕಪಾಟುಗಳ ಅಂಟಿನಿಂದಲೂ ಫಾರ್ಮಾಲ್ಡಿಹೈಡ್ ಹೊರಬರುತ್ತದೆ. ವಾಸನೆ ಕಡಿಮೆ ಇರುವ, ಡಬ್ಬದ ಮೇಲೆ ಲೋ ವಿಒಸಿ ಎಂದು ಬರೆದಿರುವ ಪೇಂಟ್ ಆರಿಸಿಕೊಳ್ಳಿ. ಬಣ್ಣ ಬಳಿಯುವುದು, ಪೀಠೋಪಕರಣ ಜೋಡಿಸುವುದು ಇವೆರಡನ್ನೂ ತಾಯಿ ಮಗು ಬರುವ ಕನಿಷ್ಠ ಒಂದು ವಾರ ಮೊದಲು ಮುಗಿಸಿ, ಕಿಟಕಿ ತೆರೆದು ಫ್ಯಾನ್ ಹಾಕಿ ಗಾಳಿಯಾಡಿಸಿ. ಕೊನೆಯ ದಿನಗಳಿಗೆ ಪರದೆ, ಹಾಸಿಗೆ, ಸ್ವಚ್ಛತೆಯ ಕೆಲಸ ಮಾತ್ರ ಉಳಿಯಲಿ.

ಡ್ರಿಲ್, ಕಪಾಟು, ತೊಟ್ಟಿಲು

ಸ್ವಿಚ್ ಬೋರ್ಡ್‌ನ ನೇರ ಮೇಲೆ, ಕೆಳಗೆ ಮತ್ತು ಅಕ್ಕಪಕ್ಕದ ಗೋಡೆಯೊಳಗೆ ವೈರ್ ಹಾದುಹೋಗಿರುತ್ತದೆ. ಅಲ್ಲಿ ಡ್ರಿಲ್ ಹಾಕಬೇಡಿ. ಡ್ರಿಲ್ ಮಾಡುವ ಗೋಡೆಯ ಎಂಸಿಬಿ ಆಫ್ ಮಾಡಿ, ಬೇರೆ ಕೋಣೆಯ ಪ್ಲಗ್‌ನಿಂದ ವಿದ್ಯುತ್ ಪಡೆಯಿರಿ.

ಎತ್ತರದ ಕಪಾಟು, ಡ್ರಾಯರ್‌ಗಳನ್ನು ಗೋಡೆಗೆ ಬಿಗಿಯಲೇಬೇಕು. ಮಗು ನಿಲ್ಲಲು ಕಲಿತಾಗ ಮೊದಲು ಹಿಡಿಯುವುದು ಅವನ್ನೇ. ಮಾಲೀಕರು ಡ್ರಿಲ್‌ಗೆ ಒಪ್ಪದಿದ್ದರೆ ತಗ್ಗಾದ, ಅಗಲ ತಳದ ಪೀಠೋಪಕರಣವೇ ಸರಿ. ಇನ್ನು ತೊಟ್ಟಿಲನ್ನು ಫ್ಯಾನ್ ಹುಕ್ಕಿಗೆ ಅಥವಾ ಫಾಲ್ಸ್ ಸೀಲಿಂಗ್‌ಗೆ ಕಟ್ಟುವುದು ಬೇಡ. ತೂಗುವಾಗ ಬೀಳುವ ಭಾರವನ್ನು ಅವು ತಡೆಯುತ್ತವೆ ಎಂಬ ಭರವಸೆ ಇಲ್ಲ. ಸ್ಟ್ಯಾಂಡ್ ಇರುವ ತೊಟ್ಟಿಲು ಕ್ಷೇಮ.

ಬಾಣಂತಿಗೆ ನಿಜಕ್ಕೂ ನೆರವಾಗುವುದೇನು?

ಗೋಡೆಯ ಸ್ಟಿಕ್ಕರ್‌ಗಿಂತ ಮೊದಲು ರಾತ್ರಿ ಎರಡು ಗಂಟೆಯ ಹೊತ್ತನ್ನು ಯೋಚಿಸಿ. ಮಗುವಿಗೆ ಹಾಲುಣಿಸಲು ಕೈ ಆನಿಸುವ, ಬೆನ್ನಿಗೆ ಆಸರೆಯಾಗುವ ಕುರ್ಚಿ ಇದೆಯೇ? ನೀರಿನ ಬಾಟಲಿ, ಮೊಬೈಲ್ ಇಡಲು ಕೈಗೆಟಕುವ ಪುಟ್ಟ ಮೇಜು ಇದೆಯೇ? ಟ್ಯೂಬ್‌ಲೈಟ್ ಹಾಕಿದರೆ ಮಗು ಪೂರ್ತಿ ಎಚ್ಚರವಾಗುತ್ತದೆ. 2,700ರಿಂದ 3,000 ಕೆಲ್ವಿನ್ ಎಂದು ಬರೆದಿರುವ ಹಳದಿ ಛಾಯೆಯ ಚಿಕ್ಕ ಎಲ್‌ಇಡಿ ದೀಪ ಸಾಕು.

ಕಿಟಕಿಗೆ ವೆಲ್ಕ್ರೋ ಸೊಳ್ಳೆ ಪರದೆ, ಬೆಳಗಿನ ಬಿಸಿಲು ತಡೆಯುವ ದಪ್ಪ ಕರ್ಟನ್, ಬಾತ್‌ರೂಮ್‌ನಲ್ಲಿ ಜಾರದ ಮ್ಯಾಟ್, ಕೆಳಗಿನ ಸಾಕೆಟ್‌ಗಳಿಗೆ ಮುಚ್ಚಳ ಇವು ಅಗ್ಗ. ಬಹುತೇಕ ಇವುಗಳಿಗೆ ಗೋಡೆ ಕೊರೆಯಬೇಕಿಲ್ಲ, ಮನೆ ಬದಲಿಸಿದರೆ ಜೊತೆಗೇ ಬರುತ್ತವೆ. ಪೇಟೆಯ ಸಗಟು ದರ ಬೇಕಿದ್ದರೆ ಬೇಗಂ ಬಜಾರ್ ಇದೆ. ಜೋಡಿಸಿಕೊಳ್ಳುವ ಪೀಠೋಪಕರಣ ಬೇಕಿದ್ದರೆ ಹೈಟೆಕ್ ಸಿಟಿಯಲ್ಲಿ ಐಕಿಯಾ ಇದೆ. ಆ ಕಂಪನಿಯ ಭಾರತದ ಮೊದಲ ಮಳಿಗೆ 2018ರ ಆಗಸ್ಟ್ 9ರಂದು ತೆರೆದದ್ದು ಅಲ್ಲಿಯೇ. ಹೊರಡುವ ಮುನ್ನ ಲಿಫ್ಟ್ ಬಾಗಿಲಿನ ಅಗಲವನ್ನೂ ಅಳೆದುಕೊಳ್ಳಿ.

ಯಾವುದನ್ನು ಮುಟ್ಟಬಾರದು?

ಅಡುಗೆಮನೆಯ ಡಬ್ಬಗಳ ಜಾಗ, ದೇವರ ಮೂಲೆ, ಆಕೆಯ ಬೀರು ಇವು ಇದ್ದಂತೆಯೇ ಇರಲಿ. ತಿಂಗಳುಗಟ್ಟಲೆ ತವರಿನಲ್ಲಿದ್ದು ಬಂದವರಿಗೆ ತಮ್ಮ ಮನೆಯಲ್ಲೇ ಸಾಸಿವೆ ಡಬ್ಬ ಹುಡುಕುವ ಸ್ಥಿತಿ ಬಂದರೆ ಸಂಭ್ರಮಕ್ಕಿಂತ ಕಿರಿಕಿರಿಯೇ ಹೆಚ್ಚು. ಏನನ್ನೂ ಎಸೆಯಬೇಡಿ. ಬೇಡ ಅನಿಸಿದ್ದನ್ನು ಪೆಟ್ಟಿಗೆಗೆ ತುಂಬಿ, ಮೇಲೆ ಹೆಸರು ಬರೆದಿಡಿ.

ಬಣ್ಣ ಆರಿಸಲು ಆಕೆ ಹಿಂದೆ ಆಡಿದ ಮಾತುಗಳನ್ನೇ ನೆನಪಿಸಿಕೊಳ್ಳಿ. 'ಈ ಕೋಣೆ ಕತ್ತಲು', 'ಬಟ್ಟೆ ಇಡಲು ಜಾಗವಿಲ್ಲ' ಎಂಬ ದೂರುಗಳೇ ನಿಜವಾದ ಪಟ್ಟಿ. ಅನುಮಾನವಿದ್ದರೆ ಆಕೆಯ ಅಕ್ಕತಂಗಿಯರನ್ನೋ ಗೆಳತಿಯರನ್ನೋ ಗುಟ್ಟಾಗಿ ಕೇಳಬಹುದು. ಗುಟ್ಟು ಉಳಿಯಬೇಕಿದ್ದರೆ ಅಷ್ಟೂ ದಿನ ವಿಡಿಯೊ ಕಾಲ್ ಬಾಲ್ಕನಿಯಿಂದ ಮಾಡುವುದು ಲೇಸು!

ಕೊನೆಯದಾಗಿ, ಎಲ್ಲವನ್ನೂ ಮುಗಿಸಿಬಿಡಬೇಡಿ. ಒಂದು ಗೋಡೆಯನ್ನು ಖಾಲಿ ಬಿಡಿ, ಹಾಲ್‌ನ ಪರದೆ ಆರಿಸುವುದನ್ನು ಬಾಕಿ ಇಡಿ. ಮನೆ ಇಬ್ಬರದ್ದು, ಈಗ ಮೂವರದ್ದು. ಉಳಿದ ಬಣ್ಣದ ಡಬ್ಬವನ್ನು ಬಿಗಿಯಾಗಿ ಮುಚ್ಚಿ, ಶೇಡ್ ಸಂಖ್ಯೆ ಬರೆದು ಎತ್ತಿಟ್ಟರೆ ಮುಂದೆ ಗೋಡೆಗೆ ಪುಟ್ಟ ಕೈಗಳ ಗುರುತು ಬಿದ್ದಾಗ ಅದು ಕೆಲಸಕ್ಕೆ ಬರುತ್ತದೆ.