ಚೆಂಡು, ಕಾನೂನು, ಅಧಿಕಾರ

“ಚೆಂಡು ಬೇಕೊ, ಪುಸ್ತಕ ಬೇಕೊ?” ಎಂಬ ಪ್ರಶ್ನೆಯು ಪರೀಕ್ಷೆಯ ಕಾಲ ಸಮೀಪಿಸಿದೊಡನೆ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಮನೆಮನೆಯಲ್ಲಿ ಕೇಳಿಬರುವುದನ್ನು ನಮ್ಮ ವಾಚಕರು ಬಲ್ಲರು. ಮಗನ ಕೈಯಿಂದ ಬ್ಯಾಟನ್ನು ಕಿತ್ತು ಅಟ್ಟಕ್ಕೇರಿಸುವ ತಂದೆಯು ಕಠಿಣಹೃದಯನಲ್ಲ. ಆಟಗಾರನ ಕಾಲವು ಅಲ್ಪವೆಂಬ ಭಯವೇ ಆತನಿಂದ ಆ ಕೆಲಸವನ್ನು ಮಾಡಿಸುವುದು. ಭಯವು ನ್ಯಾಯವಾದುದೇ, ಅದರಿಂದ ಹೊರಡುವ ತೀರ್ಮಾನವು ಮಾತ್ರ ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಅಮೆರಿಕಾದ ಬಿಲ್ ಬ್ರಾಡ್ಲಿಯವರು ಹತ್ತು ವರ್ಷ ನ್ಯೂಯಾರ್ಕಿನ ತಂಡದಲ್ಲಿ ವೇತನದ ಬ್ಯಾಸ್ಕೆಟ್‌ಬಾಲ್ ಆಡಿ, 1979ರಿಂದ 1997ರವರೆಗೆ ಸೆನೆಟ್ ಸಭೆಯಲ್ಲಿ ಕುಳಿತರು. ಅದೇ ದೇಶದ ಅಲನ್ ಪೇಜ್ ಅವರ ಕಥೆಯು ಇನ್ನೂ ಬೋಧಪ್ರದವಾದುದು. ಆ ದೇಶದ ಕಾಲ್ಚೆಂಡಿನಲ್ಲಿ 1967ರಿಂದ 1981ರವರೆಗೆ ವೃತ್ತಿನಿರತರಾಗಿದ್ದ ಇವರು, ಆಡುತ್ತಿರುವಾಗಲೇ ಓದಿ 1978ರಲ್ಲಿ ಕಾನೂನು ಪದವಿಯನ್ನು ಪಡೆದರು. ಮಿನ್ನೆಸೋಟ ಸಂಸ್ಥಾನದ ಗವರ್ನರರು ಓರ್ವ ನ್ಯಾಯಾಧೀಶರ ಅವಧಿಯನ್ನು ವಿಸ್ತರಿಸಿದ್ದರಿಂದ 1992ರಲ್ಲಿ ಆ ಸ್ಥಾನದ ಚುನಾವಣೆಯೇ ತಪ್ಪುವಂತಾದಾಗ, ಪೇಜ್ ಅವರು ನ್ಯಾಯಾಲಯಕ್ಕೆ ಹೋಗಿ ಚುನಾವಣೆ ನಡೆಯಲೇಬೇಕೆಂಬ ತೀರ್ಪನ್ನು ಪಡೆದು, ನಿಂತು, ಗೆದ್ದರು. ಆ ಸಂಸ್ಥಾನದ ಸರ್ವೋಚ್ಚ ನ್ಯಾಯಪೀಠವನ್ನೇರಿದ ಮೊದಲನೆಯ ಕಪ್ಪು ಜನಾಂಗದವರು ಅವರೇ. ಎಪ್ಪತ್ತು ತುಂಬಿದ 2015ರಲ್ಲಿ ನಿಯಮಾನುಸಾರ ಕೆಳಗಿಳಿದರು.

ದೂರದ ನಿದರ್ಶನವೇಕೆ ಎನ್ನುವವರಿಗೆ ನಮ್ಮ ಪ್ರಸನ್ನರಿದ್ದಾರೆ. 1962ರಲ್ಲಿ ಭಾರತದ ಪರವಾಗಿ ಆಡಿದ ಮೇಲೆ ಎಂಜಿನಿಯರಿಂಗ್ ಪದವಿಗಾಗಿ ಊರಿಗೆ ಬಂದು ಕುಳಿತ ಅವರು, 1967ರಲ್ಲಿ ಪುನಃ ತಂಡವನ್ನು ಸೇರಿದರು. ಪುಸ್ತಕವು ಚೆಂಡನ್ನು ನುಂಗಲಿಲ್ಲ.

ವಿರುದ್ಧ ದಿಕ್ಕಿನಿಂದ ಬಂದವರೂ ಉಂಟು. ಆಟದಿಂದ ಕಾನೂನಿಗೆ ಹೋದವರು ಪೇಜ್. ವಕಾಲತ್ತಿನಿಂದ ಆಟದ ಸೇವೆಗೆ ಬಂದವರು ಶ್ರೀ ಮಂಗಳಂ ಚಿನ್ನಸ್ವಾಮಿಯವರು. 1900ರಲ್ಲಿ ಹುಟ್ಟಿದ ಈ ವಕೀಲರು ನಮ್ಮ ಸಂಸ್ಥಾನದ ಕ್ರಿಕೆಟ್ ಸಂಸ್ಥೆಗಾಗಿ ದಶಕಗಟ್ಟಲೆ ದುಡಿದರು; 1977ರಿಂದ 1980ರವರೆಗೆ ಭಾರತದ ಕ್ರಿಕೆಟ್ ಮಂಡಲಿಯ ಅಧ್ಯಕ್ಷರಾಗಿದ್ದರು. ಕಬ್ಬನ್ ಉದ್ಯಾನದ ಮಗ್ಗುಲಿನ ಕ್ರೀಡಾಂಗಣಕ್ಕೆ 1969ರಲ್ಲಿ ಅಸ್ತಿಭಾರವಾಯಿತು. 1974ರ ನವೆಂಬರಿನಲ್ಲಿ ವೆಸ್ಟ್ ಇಂಡೀಸಿನವರೊಡನೆ ಮೊದಲನೆಯ ಟೆಸ್ಟ್ ಪಂದ್ಯವು ನಡೆಯಿತು. ಆ ಅಂಗಳಕ್ಕೆ ಮುಂದೆ ಯಾವ ಆಟಗಾರನ ಹೆಸರನ್ನೂ ಇಡದೆ ಈ ವಕೀಲರ ಹೆಸರನ್ನೇ ಇಟ್ಟುದು ಉಚಿತವಾಯಿತು. ಆಟವನ್ನು ಆಡುವವರು ಹನ್ನೊಂದು ಮಂದಿ. ಅದನ್ನು ನೆಲೆಗೊಳಿಸುವುದಕ್ಕೆ ಕರಾರು, ಲೆಕ್ಕ, ನಿಯಮಗಳನ್ನು ಬಲ್ಲ ಒಬ್ಬನಾದರೂ ಬೇಕಷ್ಟೆ.

ಅದೇ ಹೆಸರಿನ ಬಾಗಿಲುಗಳ ಹೊರಗೆ 2025ರ ಜೂನ್ 4ರಂದು ನಡೆದುದನ್ನು ಬರೆಯುವಾಗ ನಮ್ಮ ಲೇಖನಿಯು ಕುಗ್ಗುತ್ತದೆ. ಹದಿನೆಂಟು ವರ್ಷ ಕಾದು ಗೆದ್ದ ತಂಡವನ್ನು ಕಣ್ತುಂಬ ನೋಡಲು ಬಂದವರಲ್ಲಿ ಹನ್ನೊಂದು ಮಂದಿ ನೂಕುನುಗ್ಗಲಿನಲ್ಲಿ ಪ್ರಾಣ ಬಿಟ್ಟರು. ವಿಚಾರಣೆಗೆ ಸರ್ಕಾರವು ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೇಲ್ ಡಿ’ಕುನ್ಹ ಅವರ ಆಯೋಗವು, ಆ ಅಂಗಳವು ಭಾರಿ ಜನಸಂದಣಿಗೆ ಸುರಕ್ಷಿತವಲ್ಲವೆಂದು ತಿಳಿಸಿತು. ಅದೇ ವರ್ಷ ಇಲ್ಲಿ ನಡೆಯಬೇಕಾಗಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳು ನವೀ ಮುಂಬಯಿಗೆ ಹೋದುವು. ಬಾಗಿಲುಗಳೆಷ್ಟು, ಜನರೆಷ್ಟು, ಅನುಮತಿ ಯಾರದು, ಹೊಣೆ ಯಾರದು ಎಂಬ ಪ್ರಶ್ನೆಗಳು ವಕೀಲನೊಬ್ಬನು ಮೊದಲ ದಿನವೇ ಕೇಳತಕ್ಕವು. ಕೇಳುವವರಿಲ್ಲದೆಡೆ ಉತ್ಸವವೇ ಶೋಕವಾಗುವುದು.

ಆದುದರಿಂದ ಕ್ರೀಡಾ ಸಂಸ್ಥೆಗಳ ಅಧಿಕಾರವು ಕೇವಲ ಅಲಂಕಾರದ ಕುರ್ಚಿಯಲ್ಲವೆಂಬುದನ್ನು ಅಧಿಕಾರಿಗಳು ಅರಿಯಬೇಕು. ಆಟದ ಉತ್ಸಾಹವನ್ನೂ ಕಾನೂನಿನ ಶಿಸ್ತನ್ನೂ ಒಂದೇ ಎದೆಯಲ್ಲಿ ಇರಿಸಿಕೊಂಡವರು ಇಂದು ನಗರಕ್ಕೆ ಬೇಕಾಗಿದ್ದಾರೆ. ಅಂಥವರು ಎಲ್ಲಿಂದ ಬರುವರು? ನಮ್ಮ ಮನೆಗಳಿಂದಲೇ ಬರಬೇಕು. ತಂದೆಯವರೇ, ಅಟ್ಟದ ಮೇಲಣ ಬ್ಯಾಟನ್ನು ಕೆಳಗಿಳಿಸಿರಿ. ಮೇಜಿನ ಮೇಲಣ ಪುಸ್ತಕವೂ ತೆರೆದೇ ಇರಲಿ.