ಪಾಡ್‌ಕಾಸ್ಟ್ ಪಠ್ಯ | ಜೈಲಿನಲ್ಲಿ ಮುರಿಯದ ನಂಬಿಕೆ ಬಿಡುಗಡೆ ಆದ್ಮೇಲೆ ಯಾಕೆ ಅಲುಗಾಡಿತು?

ಮಿಷನರಿ ಅಂದ ಕೂಡಲೇ ಕನ್ನಡದವರಾದ ನಮಗೆ ನೆನಪಾಗೋದು ಕಿಟ್ಟೆಲ್, ಮೋಗ್ಲಿಂಗ್. ನಿಘಂಟು, ‘ಮಂಗಳೂರ ಸಮಾಚಾರ’, ಅಲ್ಲಿಗೆ ಮಾತು ಮುಗಿಯುತ್ತೆ. ಹಾಗೆ ಊರು ಬಿಟ್ಟು ಬಂದವರು ಏನೇನು ಕಳೆದುಕೊಂಡರು, ಅವರ ನಂಬಿಕೆ ಏನಾಯಿತು ಅಂತ ನಾವು ಕೇಳೋದು ಕಡಿಮೆ. ಆ ಪ್ರಶ್ನೆ ಇಟ್ಕೊಂಡು ಇವತ್ತು ಬಂಗಾಳ ಕೊಲ್ಲಿಯ ಆಚೆ ದಡಕ್ಕೆ, ಬರ್ಮಾಕ್ಕೆ ಹೋಗೋಣ. ಬರ್ಮೀಸ್ ಭಾಷೆಗೆ ಬೈಬಲ್ಲನ್ನೂ ನಿಘಂಟನ್ನೂ ಕೊಟ್ಟ ಅಮೆರಿಕದ ಅಡೊನಿರಾಮ್ ಜಡ್ಸನ್ ಮತ್ತು ಅವರ ಹೆಂಡತಿ ಆನ್ ಅವರ ಕಥೆ ಇದು.

ಮದುವೆಗೆ ಮುಂಚೆ ಜಡ್ಸನ್, ಆನ್ ಅವರ ತಂದೆಗೆ ಒಂದು ಕಾಗದ ಬರೀತಾರೆ. ಈ ಲೋಕದಲ್ಲಿ ಮಗಳ ಮುಖ ಮತ್ತೆ ನೋಡೋದಿಲ್ಲ ಅನ್ನೋದಕ್ಕೆ ಒಪ್ಪಿಗೆ ಇದೆಯಾ, ಕಾಯಿಲೆಗೆ, ಅವಮಾನಕ್ಕೆ, ಬಹುಶಃ ಕ್ರೂರ ಸಾವಿಗೂ ಅವಳನ್ನ ಕಳಿಸಿಕೊಡ್ತೀರಾ ಅಂತ ಕೇಳ್ತಾರೆ. ಹೆಣ್ಣು ಕೇಳೋ ರೀತಿಯೇ ಇದು? ಆದ್ರೆ ತಂದೆ ತೀರ್ಮಾನವನ್ನ ಮಗಳಿಗೇ ಬಿಟ್ಟರು, ಮಗಳು ಹೊರಟಳು. 1812ರ ಫೆಬ್ರವರಿಯಲ್ಲಿ ಮದುವೆ, ಅದೇ ತಿಂಗಳು ಹಡಗು. ಅವರಿಗೆ 23, ಆಕೆಗೆ 22.

ಕಲ್ಕತ್ತಕ್ಕೆ ಬಂದಿಳಿದರೆ ಈಸ್ಟ್ ಇಂಡಿಯಾ ಕಂಪನಿ ಇರೋಕೆ ಬಿಡಲಿಲ್ಲ. ಸಾಲದ್ದಕ್ಕೆ, ಹಡಗಿನಲ್ಲಿ ಓದ್ತಾ ಓದ್ತಾ ಶಿಶುಗಳಿಗೆ ದೀಕ್ಷಾಸ್ನಾನ ಕೊಡೋದು ಸರಿಯಲ್ಲ ಅಂತ ಜಡ್ಸನ್‌ಗೆ ಮನವರಿಕೆ ಆಗಿತ್ತು. ಬ್ಯಾಪ್ಟಿಸ್ಟ್ ಆದರು. ಕಳಿಸಿದ ಸಂಸ್ಥೆ ಬೇರೆ ಪಂಗಡದ್ದು, ಅಂದ್ರೆ ಅಲ್ಲಿಂದ ಬರೋ ಸಂಬಳವೂ ಹೋಯಿತು. ಮಾರಿಷಸ್, ಮದರಾಸು ಸುತ್ತಿ 1813ರ ಜುಲೈಯಲ್ಲಿ ರಂಗೂನ್ ತಲುಪಿದರು. ದಾರಿಯಲ್ಲೇ ಮೊದಲ ಮಗು ಸತ್ತು ಹುಟ್ಟಿತ್ತು. ಎರಡನೆಯದು, ರೋಜರ್, ಎಂಟು ತಿಂಗಳು ಬದುಕಿತು. ಮೊದಲ ಬರ್ಮೀಯ ವ್ಯಕ್ತಿ, ಮೌಂಗ್ ನಾವ್, ದೀಕ್ಷಾಸ್ನಾನ ಪಡೆದದ್ದು 1819ರಲ್ಲಿ. ಆರು ವರ್ಷಕ್ಕೆ ಒಬ್ಬ!

ಆಮೇಲೆ ಬಂತು ಯುದ್ಧ. 1824ರಲ್ಲಿ ಬ್ರಿಟಿಷರು ರಂಗೂನ್ ಹಿಡಿದಾಗ ಜಡ್ಸನ್ ದಂಪತಿ ರಾಜಧಾನಿ ಆವಾದಲ್ಲಿದ್ದರು. ನಾವು ಇಂಗ್ಲಿಷರಲ್ಲ, ಅಮೆರಿಕನ್ನರು ಅಂದರೆ ದರ್ಬಾರು ನಂಬಬೇಕಲ್ಲ? ಅಮೆರಿಕದಿಂದ ಬರೋ ಹಣ ಹೆನ್ರಿ ಗೂಗರ್ ಅನ್ನೋ ಇಂಗ್ಲಿಷ್ ವ್ಯಾಪಾರಿಯ ಮೂಲಕ ಕೈ ಸೇರ್ತಿತ್ತು. ಅವನ ಲೆಕ್ಕದ ಪುಸ್ತಕದಲ್ಲಿ ಜಡ್ಸನ್ ಹೆಸರು ಕಂಡಿತು. ಗೂಢಚಾರನಿಗೆ ಕೊಟ್ಟ ಸಂಬಳ ಅಂತ ಅಧಿಕಾರಿಗಳು ತೀರ್ಮಾನಿಸಿದರು. ನನ್ನನ್ನ ಕೇಳಿದರೆ, ಆ ಸಂಶಯ ಪೂರ್ತಿ ಹುಚ್ಚಲ್ಲ. ಪಕ್ಕದ ಬಂಗಾಳದಲ್ಲಿ ವ್ಯಾಪಾರಕ್ಕೆ ಬಂದವರು ಏನು ಮಾಡಿದ್ದರು ಅಂತ ಆವಾದವರಿಗೆ ಗೊತ್ತಿತ್ತು.

ಜೂನ್ 8ರಂದು ಹಿಡಿದುಕೊಂಡು ಹೋದರು. ಮರಣದಂಡನೆಯ ಕೈದಿಗಳ ಸೆರೆಮನೆ, ಕಾಲಿಗೆ ಮೂರು ಜೊತೆ ಬೇಡಿ. ರಾತ್ರಿ ಬಿದಿರಿನ ಗಳಕ್ಕೆ ಎಲ್ಲರ ಕಾಲು ಸೇರಿಸಿ ಮೇಲಕ್ಕೆ ಎತ್ತಿ ಕಟ್ಟೋರು, ಭುಜ ಮಾತ್ರ ನೆಲಕ್ಕೆ. ಹೊರಗೆ ಬಸುರಿ ಆನ್. ಅಧಿಕಾರಿಗಳ ಮನೆ ಮನೆ ಅಲೆದು, ಲಂಚ ಕೊಟ್ಟು, ಊಟ ತಲುಪಿಸಿ, ಗಂಡನನ್ನ ಬದುಕಿಸಿಕೊಂಡರು. ಹೊಸ ಒಡಂಬಡಿಕೆಯ ಅನುವಾದದ ಹಸ್ತಪ್ರತಿಯನ್ನ ಮೊದಲು ಮಣ್ಣಲ್ಲಿ ಹೂತಿಟ್ಟಿದ್ದರು. ಮಳೆಗೆ ಕೊಳೆಯುತ್ತೆ ಅಂತ ತೆಗೆದು, ಗಟ್ಟಿಯಾದ ಒಂದು ತಲೆದಿಂಬಿನೊಳಗೆ ಸೇರಿಸಿ ಹೊಲಿದು ಜೈಲಿಗೆ ಕೊಟ್ಟರು. ಅಂಥ ಕಲ್ಲುದಿಂಬು ಯಾರೂ ಕದಿಯಲ್ಲ ಅನ್ನೋ ಲೆಕ್ಕ. ಮುಂದೆ ಕೈದಿಗಳನ್ನ ಬೇರೆ ಕಡೆ ಸಾಗಿಸುವಾಗ ಅದೂ ಕೈತಪ್ಪಿತು. ಯಾರೋ ಎಸೆದಿದ್ದ ಆ ಹತ್ತಿಯ ಉಂಡೆಯನ್ನ ಮೌಂಗ್ ಇಂಗ್ ಅನ್ನೋ ಶಿಷ್ಯ ನೆನಪಿಗಿರಲಿ ಅಂತ ಎತ್ತಿಟ್ಟುಕೊಂಡ. ಒಳಗಿದ್ದ ಹಸ್ತಪ್ರತಿ ಹಾಗೇ ಉಳಿದಿತ್ತು.

ಸಾಗಿಸಿದ್ದು ಔಂಗ್‌ಪೆನ್‌ಲಾ ಅನ್ನೋ ಹಳ್ಳಿಗೆ. ಮೇ ತಿಂಗಳ ಬಿಸಿಲಲ್ಲಿ, ಬರಿಗಾಲಲ್ಲಿ. ಕೈಗೂಸು ಮರಿಯಾಳನ್ನ ಕಟ್ಟಿಕೊಂಡು ಆನ್ ಅಲ್ಲಿಗೂ ಬಂದರು, ಬಂದು ಕಾಯಿಲೆ ಬಿದ್ದರು, ಎದೆಹಾಲು ಬತ್ತಿತು. ಆಗ ಕಾವಲುಗಾರರಿಗೆ ಏನೋ ಕೊಟ್ಟು ಜಡ್ಸನ್ ದಿನಾ ಸ್ವಲ್ಪ ಹೊತ್ತು ಹೊರಗೆ ಬರ್ತಿದ್ದರು. ಕಾಲಲ್ಲಿ ಬೇಡಿ, ಕೈಯಲ್ಲಿ ಮಗು. ಮನೆ ಮನೆಗೆ ಹೋಗಿ, ಮಕ್ಕಳಿರೋ ತಾಯಂದಿರನ್ನ ಒಂದಿಷ್ಟು ಹಾಲು ಕುಡಿಸಿ ಅಂತ ಬೇಡೋರು. ಆ ಬರ್ಮೀಯ ತಾಯಂದಿರು ಶತ್ರುವಿನ ಮಗು ಅನ್ನಲಿಲ್ಲ. ಅವರ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ.

ಸುಮಾರು 17 ತಿಂಗಳ ಸೆರೆ. ಇಷ್ಟರಲ್ಲೂ ಅವರ ನಂಬಿಕೆ ಅಲುಗಲಿಲ್ಲ. ಸಾಮಾನ್ಯವಾಗಿ ಚರ್ಚುಗಳಲ್ಲಿ ಹೇಳೋ ಕಥೆ ಇಲ್ಲಿಗೆ ಮುಗಿಯುತ್ತೆ. ನನಗೆ ಮುಖ್ಯ ಅನಿಸೋದು ಇದರ ಮುಂದಿನ ಭಾಗ.

1826ರ ಫೆಬ್ರವರಿಯಲ್ಲಿ ಯಾಂಡಬೊ ಒಪ್ಪಂದ ಆಗಿ ಯುದ್ಧ ನಿಂತಿತು. ಬ್ರಿಟಿಷ್ ರಾಯಭಾರಿ ಕ್ರಾಫರ್ಡ್ ವಾಣಿಜ್ಯ ಒಪ್ಪಂದಕ್ಕೆ ಆವಾಕ್ಕೆ ಹೊರಟಾಗ ಜಡ್ಸನ್ ದುಭಾಷಿಯಾಗಿ ಹೋದರು. ಧಾರ್ಮಿಕ ಸ್ವಾತಂತ್ರ್ಯದ ಒಂದು ಷರತ್ತನ್ನ ಸೇರಿಸಬಹುದು ಅನ್ನೋ ಆಸೆ. ಅದು ಸೇರಲಿಲ್ಲ. ಆವಾದಲ್ಲಿದ್ದಾಗ ಕಪ್ಪು ಮುದ್ರೆ ಒತ್ತಿದ ಕಾಗದ ಬಂತು. ಮಗು ಹೋಯಿತೇನೋ ಅಂದುಕೊಂಡು ಒಡೆದರು. ಹೋಗಿದ್ದದ್ದು ಆನ್. ಅಕ್ಟೋಬರ್ 24ರಂದು, ಅಮ್‌ಹರ್ಸ್ಟ್‌ನಲ್ಲಿ, ಗಂಡ ಪಕ್ಕದಲ್ಲಿಲ್ಲದೆ. ಆರು ತಿಂಗಳಿಗೆ ಮರಿಯಾಳೂ ಹೋದಳು.

ಅಲ್ಲಿಂದ ಜಡ್ಸನ್ ಕುಸಿದರು. ಇಷ್ಟೆಲ್ಲಾ ಮಾಡಿದ್ದು ದೇವರಿಗೋ, ನನ್ನ ಕೀರ್ತಿಗೋ ಅನ್ನೋ ಪ್ರಶ್ನೆ ಕೊರೆಯೋಕೆ ಶುರುವಾಯಿತು. ಗೌರವ ಡಾಕ್ಟರೇಟ್ ಬಿಟ್ಟರು, ಹೊಗಳಿಕೆಯ ಕಾಗದಗಳನ್ನ ನಾಶ ಮಾಡಿಸಿದರು, ಸ್ವಂತ ಹಣವನ್ನ ಮಿಷನ್‌ಗೆ ಬರೆದುಕೊಟ್ಟರು. ಮೌಲ್ಮೀನ್ ಹತ್ತಿರ, ಹುಲಿ ಓಡಾಡೋ ಕಾಡಂಚಿನಲ್ಲಿ ಗುಡಿಸಲು ಕಟ್ಟಿಕೊಂಡು ಒಬ್ಬರೇ ಇದ್ದರು. ಒಂದು ಗುಂಡಿ ತೋಡಿ, ತನ್ನದೇ ಸಮಾಧಿ ಅಂತ ಅದರ ಪಕ್ಕ ಕೂತರು. ಆನ್ ತೀರಿ ಮೂರು ವರ್ಷ ತುಂಬಿದ ದಿನ ಬರೆದ ಕಾಗದದಲ್ಲಿ, ದೇವರನ್ನ ನಂಬ್ತೀನಿ, ಆದ್ರೆ ಅವನು ನನಗೆ ಸಿಗ್ತಿಲ್ಲ ಅನ್ನೋ ಅರ್ಥದ ಮಾತಿದೆ.

ಯಾಕೆ ಹೀಗೆ? ನಾನು ಅರ್ಥ ಮಾಡಿಕೊಂಡಿದ್ದು ಇಷ್ಟು. ಜೈಲಿನಲ್ಲಿ ಮಾಡೋಕೆ ಕೆಲಸ ಇತ್ತು: ಇವತ್ತಿನ ದಿನ ದಾಟಬೇಕು, ಮಗುವಿಗೆ ಹಾಲು ಹುಡುಕಬೇಕು. ಹೊರಗಿಂದ ಬಂದ ಕಷ್ಟವನ್ನ ಪರೀಕ್ಷೆ ಅಂತ ಕರೆಯಬಹುದು. ಆನ್ ಸಾವಿಗೆ ಹಾಗೆ ಹೆಸರಿಡೋಕೆ ಆಗಲಿಲ್ಲ, ಯಾಕೆಂದ್ರೆ ಆ ಹೊತ್ತಲ್ಲಿ ದೂರ ಇದ್ದದ್ದು ಅವರದೇ ಆಯ್ಕೆ.

ಚೇತರಿಸಿಕೊಂಡದ್ದರಲ್ಲಿ ಪವಾಡ ಏನಿಲ್ಲ. ಮೆಲ್ಲಗೆ, ಕರೆನ್ ಜನರ ಹಳ್ಳಿಗಳಿಗೆ ಓಡಾಡ್ತಾ, ದಿನಕ್ಕಿಷ್ಟು ಪದ್ಯ ಅನುವಾದ ಮಾಡ್ತಾ ಎದ್ದರು. 1834ರ ಜನವರಿ 31ಕ್ಕೆ ಬೈಬಲ್ಲಿನ ಕೊನೆಯ ಹಾಳೆ ಮುಗಿಯಿತು, 1849ರಲ್ಲಿ ಇಂಗ್ಲಿಷ್–ಬರ್ಮೀಸ್ ನಿಘಂಟು ಅಚ್ಚಾಯಿತು. ಮರುವರ್ಷ ಏಪ್ರಿಲ್ 12ರಂದು, ಆರೋಗ್ಯಕ್ಕಾಗಿ ಹೊರಟಿದ್ದ ಹಡಗಿನಲ್ಲೇ ಜಡ್ಸನ್ ತೀರಿಕೊಂಡರು. ದೇಹವನ್ನ ಸಮುದ್ರಕ್ಕೆ ಬಿಟ್ಟರು. ಮೌಲ್ಮೀನ್‌ನಲ್ಲಿ ಕಾಯ್ತಿದ್ದ ಮೂರನೇ ಹೆಂಡತಿ ಎಮಿಲಿಗೆ ಆ ಸುದ್ದಿ ಮುಟ್ಟೋಕೆ ತಿಂಗಳುಗಳೇ ಹಿಡಿದವು.