ಯಜಮಾನರು ತೀರಿಕೊಂಡ ಮೇಲೆ ಕಿಸಾನ್ ಹಣ ಯಾರಿಗೆ?



ಈಚೆಗೆ ಒಂದು ಸಂಘದ ವಾರದ ಸಭೆಗೆ ಹೋಗಿದ್ದೆ. ಉಳಿತಾಯ ಕಟ್ಟಿ ಮುಗಿದ ಮೇಲೆ ಒಬ್ಬ ಸದಸ್ಯೆ, "ಸಿಸ್ಟರ್, ನಮ್ಮ ಯಜಮಾನ್ರು ತೀರ್ಕೊಂಡು ಎರಡು ವರ್ಷ ಆಯ್ತು. ಅವರಿದ್ದಾಗ ಕಿಸಾನ್ ದುಡ್ಡು ಬರ್ತಿತ್ತು, ಈಗ ನಿಂತೋಗಿದೆ. ಹೊಲದಲ್ಲಿ ಗೇಯೋಳು ನಾನೇ ಅಲ್ವಾ?" ಎಂದು ಕೇಳಿದರು. ಪಹಣಿ ತರಿಸಿ ನೋಡಿದೆವು. ಅದರಲ್ಲಿ ಇನ್ನೂ ಗಂಡನ ಹೆಸರೇ ಇತ್ತು.

ಪ್ರಧಾನ ಮಂತ್ರಿ ಕಿಸಾನ್ ಸಮ್ಮಾನ್ ನಿಧಿ ಯೋಜನೆ 2019ರ ಫೆಬ್ರವರಿಯಲ್ಲಿ ಆರಂಭವಾಯಿತು. ಜಮೀನಿರುವ ರೈತ ಕುಟುಂಬಕ್ಕೆ ವರ್ಷಕ್ಕೆ ರೂ. 6,000, ಮೂರು ಕಂತುಗಳಲ್ಲಿ ರೂ. 2,000ದಂತೆ ಖಾತೆಗೆ ಬರುತ್ತದೆ. ಇಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ ಮತ್ತು 18 ತುಂಬದ ಮಕ್ಕಳು. ಆದಾಯ ತೆರಿಗೆ ಕಟ್ಟುವವರಿಗೆ ಇದು ಇಲ್ಲ. ನಮ್ಮ ರಾಜ್ಯ ಸರ್ಕಾರ ಇದರ ಜೊತೆಗೆ ಕೊಡುತ್ತಿದ್ದ ರೂ. 4,000 ಮಾತ್ರ 2023ರಲ್ಲಿ ನಿಂತಿತು. ಅದಕ್ಕಾಗಿ ಅಲೆಯಬೇಡಿ.

ಒಂದು ಮಾತು ನೆನಪಿಡಿ. ಈ ಹಣ ದುಡಿಮೆ ನೋಡಿ ಬರುವುದಿಲ್ಲ, ಪಹಣಿಯಲ್ಲಿರುವ ಹೆಸರು ನೋಡಿ ಬರುತ್ತದೆ. ಬೇರೆಯವರ ಹೊಲವನ್ನು ಗುತ್ತಿಗೆಗೆ ಮಾಡುವವರಿಗೂ ಇದೇ ಕಾರಣಕ್ಕೆ ಸಿಗುವುದಿಲ್ಲ.

2019ರ ಫೆಬ್ರವರಿ 1ರ ನಂತರ ಕ್ರಯಕ್ಕೆ ಪಡೆದ ಜಮೀನಿಗೆ ಹಣ ಬರುವುದಿಲ್ಲ. ಆದರೆ ಮಾಲೀಕರು ತೀರಿಕೊಂಡು ವಾರಸುದಾರರ ಹೆಸರಿಗೆ ಬಂದ ಜಮೀನಿಗೆ ಬರುತ್ತದೆ. ಹಾಗಾಗಿ ವಿಧವೆಯರಿಗೆ ದಾರಿ ಮುಚ್ಚಿಲ್ಲ. ಮಾಡಬೇಕಾದದ್ದು ಇಷ್ಟು:

1. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಮಾಡಿಸಿ, ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಿ. ವಂಶವೃಕ್ಷದಲ್ಲಿ ನಿಮ್ಮ ಹೆಸರು ಇದೆಯೇ ಎಂದು ಓದಿಸಿ ನೋಡಿ.

2. ಪಹಣಿಗೆ ಹೆಸರು ಬಂದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಗುರುತಿನ ಸಂಖ್ಯೆ ಮಾಡಿಸಿ. ಕಿಸಾನ್ ಯೋಜನೆಗೆ ನಿಮ್ಮದೇ ಹೆಸರಲ್ಲಿ ಹೊಸದಾಗಿ ನೋಂದಾಯಿಸಿ.

3. ಇ-ಕೆವೈಸಿ ಮಾಡಿಸಿ. ಬ್ಯಾಂಕಿಗೆ ಹೋಗಿ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ಕೇಳಿ. ಎರಡು ಮೂರು ಖಾತೆ ಇದ್ದವರು "ದುಡ್ಡೇ ಬಂದಿಲ್ಲ" ಅಂತಾರೆ. ನೋಡಿದರೆ ಮರೆತು ಬಿಟ್ಟ ಖಾತೆಯಲ್ಲಿ ಬಂದು ಕೂತಿರುತ್ತದೆ.

ತೀರಿಕೊಂಡವರ ಖಾತೆಗೆ ಹಣ ಬರುತ್ತಲೇ ಇದ್ದರೆ, ಎಟಿಎಂ ಕಾರ್ಡ್ ಇದೆಯೆಂದು ತೆಗೆಯಬೇಡಿ. ಸಾವಿನ ವಿಷಯವನ್ನು ಕೃಷಿ ಇಲಾಖೆಗೂ ಬ್ಯಾಂಕಿಗೂ ತಿಳಿಸಿ. ಅರ್ಹತೆಯಿಲ್ಲದೆ ಪಡೆದ ಹಣವನ್ನು ಸರ್ಕಾರ ವಾಪಸ್ ಕೇಳುತ್ತದೆ.

ಇನ್ನೊಂದು ಎಚ್ಚರ. ಪೌತಿ ಖಾತೆ ಮಾಡಿಸುವಾಗ, "ಅಮ್ಮಾ, ಸುಮ್ಮನೆ ಇಲ್ಲೊಂದು ಸಹಿ ಹಾಕು" ಎಂದು ಮನೆಯವರೇ ಕಾಗದ ತರಬಹುದು. ಅದು ಹಕ್ಕು ಬಿಡುಗಡೆ ಪತ್ರ ಆಗಿದ್ದರೆ ಜಮೀನಿನಲ್ಲಿ ನಿಮ್ಮ ಪಾಲು ಅಲ್ಲಿಗೇ ಹೋಯಿತು. ಆಮೇಲೆ ಕಿಸಾನ್ ಹಣ ಮಾತ್ರವಲ್ಲ, ಬೆಳೆ ಸಾಲ, ಬೆಳೆ ಪರಿಹಾರ ಕೇಳಲೂ ಕೈಯಲ್ಲಿ ಏನೂ ಇರುವುದಿಲ್ಲ. ಓದಿಸದೆ ಹೆಬ್ಬೆಟ್ಟು ಒತ್ತಬೇಡಿ. ಮಕ್ಕಳ ಮೇಲೆ ಪ್ರೀತಿ ಇರಲಿ, ಪಹಣಿಯಲ್ಲಿ ಹೆಸರೂ ಇರಲಿ.

ಆ ಸಹೋದರಿ ಈಗ ಪೌತಿ ಖಾತೆಗೆ ಅರ್ಜಿ ಕೊಟ್ಟಿದ್ದಾರೆ. ಸಂಘದ ಇಬ್ಬರು ಜೊತೆಗೆ ಹೋಗಿದ್ದರು. ಒಬ್ಬರೇ ಹೋದರೆ "ನಾಳೆ ಬಾ" ಅನ್ನುವ ಕಚೇರಿ, ಮೂವರು ಹೋದರೆ ಕುರ್ಚಿ ಕೊಡುತ್ತದೆ!

ಮುಂದಿನ ಸಭೆಗೆ ಎಲ್ಲರೂ ನಿಮ್ಮ ಮನೆಯ ಪಹಣಿ ತನ್ನಿ. ಯಾರ ಹೆಸರಿದೆ ಎಂದು ಒಟ್ಟಿಗೆ ಕೂತು ಓದೋಣ.